ಬೀಗದವನ ಹಾಳೆಯ ಕೊನೆಯ ಸಾಲು

ಫೆಬ್ರವರಿ ೧೧

ಅಂಗಡಿಯವರಿಗೆ,

ಮೊನ್ನೆ ಶನಿವಾರ ಸಂಜೆ ನಿಮ್ಮ ಅಂಗಡಿಗೆ ಬಂದು, ಏನನ್ನೂ ಕೊಳ್ಳದೆ, ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದ ಹೆಂಗಸು ನಾನೇ. ಗಾಜಿಗೆ ಏನೂ ಆಗಿಲ್ಲ ಎಂದುಕೊಂಡಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ಬಾಯಿ ನನಗೇ ಗೊತ್ತು. ಎರಡನೇ ಮಾತಿಗೆ ಬೈಗುಳ ಬರುತ್ತದೆ, ಮೂರನೆಯದಕ್ಕೆ ಅಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲಿಫ್ಟ್ ರಿಪೇರಿ ಮಾಡುತ್ತಿದ್ದವನ ಅಕ್ಕ. ನೀವೆಲ್ಲ ಅವನನ್ನು ‘ಲಿಫ್ಟು’ ಎಂದು ಕರೆಯುತ್ತಿದ್ದಿರಂತೆ. ಒಂದು ಜ್ವರ, ಆಸ್ಪತ್ರೆಯಲ್ಲಿ ಒಂಬತ್ತು ದಿನ, ಅಷ್ಟೇ. ಅವನು ಹೋಗಿ ಏಳು ತಿಂಗಳಾಯಿತು. ಆದರೂ ಪ್ರತಿ ತಿಂಗಳು ಅವನ ಫೋನಿಗೆ ನಿಮ್ಮ ಅಂಗಡಿಯ ಸಂದೇಶ ಬರುತ್ತದೆ: ನಿಮ್ಮ ಕಾಮಿಕ್ಸ್ ಬಂದಿದೆ, ನಿಮ್ಮ ಡಬ್ಬದಲ್ಲಿ ಎತ್ತಿಟ್ಟಿದ್ದೇವೆ. ಆ ಫೋನನ್ನು ಈಗ ಅಮ್ಮ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಸದ್ದಾದಾಗಲೆಲ್ಲ ‘ಯಾರೇ ಅದು?’ ಎಂದು ಕೇಳುತ್ತಾಳೆ. ಅದನ್ನು ನಿಲ್ಲಿಸಿ ಎಂದು ಹೇಳಲು ಬಂದಿದ್ದೆ.

ನಿಮ್ಮಲ್ಲಿ ಗಿರಾಕಿಗಳಿಗೆ ಸಿಗುವ ಅನುಭವ ಹೇಗಿದೆ ಎಂದು ಕೇಳುವ ಬೋರ್ಡು ಬಾಗಿಲಲ್ಲೇ ಇದೆ. ನನ್ನದನ್ನೂ ಬರೆದುಕೊಳ್ಳಿ. ಒಳಗೆ ಬಂದಾಗ ನೀವು ತಲೆ ಎತ್ತಲಿಲ್ಲ. ಕಾಮಿಕ್ಸ್ ಕಪಾಟುಗಳ ನಡುವೆ ಒಬ್ಬರೇ ನಡೆಯುವಷ್ಟು ಜಾಗ. ಹಿಂದುಗಡೆ ಮೇಜಿನ ಸುತ್ತ ನಾಲ್ವರು ಕೂತು ದಾಳ ಹಾಕುತ್ತಿದ್ದಿರಿ. ಐದನೆಯ ಕುರ್ಚಿ ಖಾಲಿ ಇತ್ತು, ಅದರ ಮುಂದೆ ಒಂದು ಹಾಳೆ. ಬಿಳಿ ಕೋಟು ಹಾಕಿಕೊಂಡಿದ್ದ ಹೆಂಗಸು ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ‘ತಡೀರಿ, ತಡೀರೀ... ಮೊದ್ಲು ನಾನು ಒಳಗೆ ಹೋಗಿ ನೋಡ್ತೀನಿ’ ಎಂದರು. ಅದು ನನ್ನ ತಮ್ಮನ ಮಾತು. ಮಾತಷ್ಟೇ ಅಲ್ಲ, ಎರಡನೇ ‘ತಡೀರಿ’ಯ ಎಳೆತವೂ ಅವನದೇ. ಉಳಿದವರು ನಕ್ಕರು. ನೀವೂ ನಕ್ಕಿರಿ. ಸತ್ತವನನ್ನು ಇಟ್ಟುಕೊಂಡು ಆಡುತ್ತೀರಲ್ಲ, ನಿಮಗೆ ಏನೂ ಅನ್ನಿಸುವುದಿಲ್ಲವೇ?

ನನಗೆ ಆ ಹಾಳೆ ಬೇಕು. ಅವನ ಕೈಬರಹದ ಒಂದು ಚೀಟಿಯೂ ನಮ್ಮ ಮನೆಯಲ್ಲಿಲ್ಲ. ಶಾಲೆಯ ಪುಸ್ತಕಗಳು ಮನೆ ಬದಲಾಯಿಸುವಾಗ ಹೋದವು. ಕೆಲಸದ ವರದಿಯೆಲ್ಲ ಅವನು ಫೋನಿನಲ್ಲೇ ಒತ್ತುತ್ತಿದ್ದ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಪ್ರಪಂಚದ ಕೆಟ್ಟ ಅಕ್ಷರಗಳನ್ನೆಲ್ಲ ದಿನವಿಡೀ ಓದುತ್ತೇನೆ. ಅವನದೊಂದನ್ನು ಓದಲು ನನ್ನ ಹತ್ತಿರ ಏನೂ ಇಲ್ಲ. ಹಾಳೆಯನ್ನು ಈ ವಿಳಾಸಕ್ಕೆ ಕಳಿಸಿಕೊಡಿ.

ಇತಿ,
ಅವನ ಅಕ್ಕ

ಫೆಬ್ರವರಿ ೨೦

ಅಕ್ಕಾವರಿಗೆ ನಮಸ್ಕಾರ.

ವಯಸ್ಸಿನಲ್ಲಿ ನಾನೇ ಹತ್ತು ವರ್ಷ ದೊಡ್ಡವನಿರಬಹುದು. ಆದರೆ ಆರು ವರ್ಷ ಅವನ ಬಾಯಲ್ಲಿ ‘ನಮ್ಮಕ್ಕ ಬೈತಾಳೆ, ಹೊರಟೆ’ ಎಂದು ಕೇಳಿ ಕೇಳಿ ನೀವು ನಮಗೆಲ್ಲ ಅಕ್ಕನೇ ಆಗಿದ್ದೀರಿ. ಬಾಗಿಲಿಗೆ ಏನೂ ಆಗಿಲ್ಲ. ಆಗಿದ್ದರೂ ಹೇಳುತ್ತಿರಲಿಲ್ಲ.

ಸಂದೇಶ ನಿಲ್ಲಿಸಿದ್ದೇನೆ. ಕಂಪ್ಯೂಟರು ಅದನ್ನು ತಾನೇ ಕಳಿಸುತ್ತದೆ ಎಂದು ನೆಪ ಹೇಳಬಹುದು. ನಿಜವೆಂದರೆ, ನಿಲ್ಲಿಸಬೇಕಾದರೆ ಪಟ್ಟಿಯಿಂದ ಅವನ ಹೆಸರು ತೆಗೆಯಬೇಕಿತ್ತು. ಅದಕ್ಕೆ ಕೈ ಬರಲಿಲ್ಲ.

ನೀವು ಕಂಡದ್ದನ್ನು ಸ್ವಲ್ಪ ವಿವರಿಸುತ್ತೇನೆ, ಕ್ಷಮಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ನಮ್ಮದು ಕಥೆ ಕಟ್ಟುವ ಆಟ. ನಾನು ಕಥೆ ಹೇಳುತ್ತೇನೆ. ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಆಟಗಾರರು ಹೇಳುತ್ತಾರೆ. ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಒಂದು ಹಾಳೆ. ಪಾತ್ರದ ಬಲ ಎಷ್ಟು, ಗಾಯ ಎಷ್ಟು, ಚೀಲದಲ್ಲಿ ಏನಿದೆ, ಎಲ್ಲ ಅದರಲ್ಲಿ. ನಿಮ್ಮ ತಮ್ಮನ ಪಾತ್ರ ಬೀಗ ತೆಗೆಯುವ ಕಳ್ಳ. ಹೆಸರಿಡಲು ಸೋಮಾರಿತನವಾಗಿ ‘ಬೀಗದವನು’ ಎಂದೇ ಇಟ್ಟಿದ್ದ.

ಅವನು ಹೋದ ಮೇಲಿನ ಮೊದಲ ಶನಿವಾರ ಯಾರಿಗೂ ಆಡುವ ಮನಸ್ಸಿರಲಿಲ್ಲ. ಆದರೂ ಎಲ್ಲರೂ ಬಂದರು: ನೀವು ಕಂಡ ದಂತವೈದ್ಯೆ, ಬೋರ್ಡು ಬರೆಯುವವನು, ಬಸ್ ಡ್ರೈವರ್. ಹಿಂದಿನ ಸಲ ಕಥೆಯನ್ನು ಒಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿದ್ದೆವು. ಡ್ರೈವರ್ ಸುಮ್ಮನೆ, ‘ಈಗ ಲಿಫ್ಟು ಇದ್ದಿದ್ರೆ ಏನ್ ಮಾಡ್ತಿದ್ದ?’ ಎಂದ. ದಂತವೈದ್ಯೆ ಅವನ ಹಾಗೆಯೇ ಹೇಳಿ ತೋರಿಸಿದಳು. ನಾವು ನಕ್ಕೆವು. ಅವನು ಆಸ್ಪತ್ರೆ ಸೇರಿದ ಮೇಲಿನ ಹನ್ನೊಂದು ದಿನಗಳಲ್ಲಿ ಅದೇ ಮೊದಲ ನಗು. ಆಮೇಲೆ ಬಿಡಲಾಗಲಿಲ್ಲ.

ಹಾಳೆ ಇದೆ. ಫೈಲುಗಳ ರಾಶಿಯಲ್ಲಿ ಸೇರಿಕೊಂಡಿದೆ. ಹುಡುಕಿ ಕಳಿಸುತ್ತೇನೆ.

ಇತಿ ನಿಮ್ಮ,
ಅಂಗಡಿಯವನು

ಮಾರ್ಚ್ ೯

ಅಂಗಡಿಯವರಿಗೆ,

ಶನಿವಾರ ಮೇಜಿನ ಮೇಲೆ ನಾನು ಕಣ್ಣಾರೆ ಕಂಡ ಹಾಳೆ ಹತ್ತೇ ದಿನದಲ್ಲಿ ರಾಶಿಯಲ್ಲಿ ಸೇರಿಕೊಂಡಿತೇ? ಔಷಧಿ ಅಂಗಡಿಯಲ್ಲಿ ನಾವೂ ಹೀಗೇ ಹೇಳುವುದು. ಮಾತ್ರೆ ಮುಗಿದಿದ್ದರೆ ‘ಒಳಗೆ ಎಲ್ಲೋ ಇದೆ, ನಾಳೆ ಬನ್ನಿ’ ಎನ್ನುತ್ತೇವೆ. ನನ್ನ ಹತ್ತಿರ ಆ ಆಟ ಬೇಡ.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಮ್ಮನ ಕೈಗೆ ಫೋನು, ನೀರು, ಮಾತ್ರೆ ಕೊಡುತ್ತೇನೆ. ‘ಆ ಅಂಗಡಿಯವರು ಹಾಳೆ ಕಳ್ಸಿದ್ರಾ?’ ಎಂದು ಕೇಳುತ್ತಾಳೆ. ಹೇಳಬಾರದಿತ್ತು, ಹೇಳಿಬಿಟ್ಟೆ. ಸಂದೇಶಗಳು ನಿಂತ ಮೇಲೆ ಅವಳಿಗೆ ಮನೆಯಲ್ಲಿ ಸದ್ದೇ ಇಲ್ಲದಂತಾಗಿದೆ. ನಿಲ್ಲಿಸಿ ಎಂದವಳು ನಾನೇ, ಈಗ ಅದಕ್ಕೂ ನಿಮ್ಮ ಮೇಲೆ ಸಿಟ್ಟು ಬರುತ್ತಿದೆ.

ಕಳಿಸಿಕೊಡಿ.

ಇತಿ,
ಅವನ ಅಕ್ಕ

ಮಾರ್ಚ್ ೩೦

ಅಕ್ಕಾವರಿಗೆ,

ಈ ಕಟ್ಟಿನಲ್ಲಿ ಅವನ ಡಬ್ಬದಲ್ಲಿದ್ದ ಕಾಮಿಕ್ಸ್‌ಗಳು ಇವೆ, ಎಂಟು ತಿಂಗಳವು. ಅವನ ದಾಳಗಳೂ ಇವೆ. ಹಸಿರು ದಾಳ ಅವನಿಗೆ ಯಾವಾಗಲೂ ಕೈ ಕೊಡುತ್ತಿತ್ತು; ಅದನ್ನು ಶಿಕ್ಷೆಗೆಂದು ಎರಡು ವಾರ ನನ್ನ ಗಲ್ಲಾಪೆಟ್ಟಿಗೆಯಲ್ಲಿ ಬಂಧಿಸಿಟ್ಟಿದ್ದ.

ಅಂಗಡಿಗೆ ಈಗ ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಾರೆ. ನಿಂತೇ ಕಾಮಿಕ್ಸ್ ಓದುತ್ತಾರೆ, ಹಾಳೆಗೆ ಬೆರಳು ತಾಗದಂತೆ ಕರವಸ್ತ್ರದಲ್ಲಿ ತಿರುಗಿಸುತ್ತಾರೆ, ಒಂದನ್ನೂ ಕೊಳ್ಳುವುದಿಲ್ಲ. ಲಿಫ್ಟು ಇದ್ದಿದ್ದರೆ ಅವರಿಗೊಂದು ಕುರ್ಚಿ ಹಾಕಿ, ‘ಸಾರ್, ಮುಂದಿನ ಭಾಗದಲ್ಲಿ ಅವನು ಸಾಯಲ್ಲ, ಧೈರ್ಯವಾಗಿರಿ’ ಎನ್ನುತ್ತಿದ್ದ. ಮೊನ್ನೆ ಒಬ್ಬಾಕೆ ಬಂದು, ಮಾತೇ ಆಡದ ಗಂಡನ ಜೊತೆ ಆಡುವಂಥ ಆಟ ಯಾವುದಿದೆ ಎಂದು ಕೇಳಿದಳು. ಅವನಿಗಾದರೆ ಉತ್ತರ ಥಟ್ಟನೆ ಹೊಳೆಯುತ್ತಿತ್ತು.

ಹಾಳೆ ಈ ಕಟ್ಟಿನಲ್ಲಿ ಇಲ್ಲ. ಇನ್ನು ಸ್ವಲ್ಪ ದಿನ ಕೊಡಿ.

ಇತಿ ನಿಮ್ಮ,
ಅಂಗಡಿಯವನು

ಏಪ್ರಿಲ್ ೧೪

ಅಂಗಡಿಯವರಿಗೆ,

ಕಟ್ಟು ತಲುಪಿತು. ದಾಳಗಳನ್ನು ಅಮ್ಮ ಇಟ್ಟುಕೊಂಡಿದ್ದಾಳೆ.

ನಿಮಗೆ ಹಾಳೆ ಕೊಡಲು ಯಾಕೆ ಇಷ್ಟವಿಲ್ಲವೋ ಗೊತ್ತಿಲ್ಲ. ನನಗೆ ಯಾಕೆ ಬೇಕು ಎಂಬುದನ್ನು ಪೂರ್ತಿ ಹೇಳಿಬಿಡುತ್ತೇನೆ. ಆಮೇಲೂ ಕೊಡದಿದ್ದರೆ ನಿಮ್ಮಂಥ ಕಲ್ಲು ಮನಸ್ಸಿನವರು ಇನ್ನೊಬ್ಬರಿಲ್ಲ.

ಜ್ವರ ಬರುವ ಮೊದಲಿನ ಶನಿವಾರ ಅವನು ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಮರೆತು ನಿಮ್ಮಲ್ಲಿಗೆ ಬಂದ. ಅಮ್ಮ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು, ಬಾಗಿಲಲ್ಲಿ ಕುರ್ಚಿಯ ಮೇಲೆ ಮೂರು ಗಂಟೆ ಕೂತಿದ್ದಳು. ಅವನು ಬಂದಾಗ ನಾನು ಎಗರಾಡಿದೆ. ‘ಆ ಕಾಗದದ ಮನುಷ್ಯನಿಗಿರೋ ಬೆಲೆ ನಮಗಿಲ್ಲ ಅಲ್ವಾ? ಮನೇಲಿ ನಿನಗೆ ಯಾರೂ ಕಾಯ್ತಿಲ್ಲ ಅಂತ ಅಂದ್ಕೊಂಡೇ ಇದ್ದುಬಿಡು’ ಎಂದೆ. ಅವನು ಅಮ್ಮನ ಚಪ್ಪಲಿ ಬಿಚ್ಚುತ್ತಾ, ‘ಮನೇಲಿ ಯಾರು ಕಾಯ್ತಾರೆ ಅಂತ ನನ್ನ ಹಾಳೇಲಿ ಬರೆದಿಟ್ಟಿದೀನಿ ಕಣೇ. ನಂಬಿಕೆ ಇಲ್ದಿದ್ರೆ ಅಂಗಡಿಗೆ ಬಂದು ನೋಡು’ ಎಂದ. ‘ನನಗೇನು ಬೇರೆ ಕೆಲಸ ಇಲ್ವಾ?’ ಎಂದೆ. ನಾವಿಬ್ಬರೂ ಸರಿಯಾಗಿ ಮಾತಾಡಿದ್ದು ಅದೇ ಕೊನೆ. ಆಸ್ಪತ್ರೆಯಲ್ಲಿ ಮಾತಾಡಿದ್ದೆಲ್ಲ ಮಾತ್ರೆಯ ವಿಷಯ, ಡ್ರಿಪ್ಪಿನ ವಿಷಯ.

ಅವನು ಅಲ್ಲಿ ಏನು ಬರೆದಿದ್ದ ಎಂದು ನನಗೆ ನೋಡಬೇಕು. ನನ್ನನ್ನು ಬರೆದಿದ್ದನೋ ಇಲ್ಲವೋ ನೋಡಬೇಕು. ಬರೆದಿರದಿದ್ದರೂ ಪರವಾಗಿಲ್ಲ ಎಂದು ಹೇಳಿಕೊಳ್ಳುತ್ತೇನೆ, ಅದು ಸುಳ್ಳು. ಆ ಒಂದು ಸಾಲಿಗೆ ಕಾದು ಕೂತಿದ್ದೇನೆ.

ಇತಿ,
ಅವನ ಅಕ್ಕ

ಮೇ ೨

ಅಕ್ಕಾವರಿಗೆ,

ಹಾಳೆ ಇದರ ಜೊತೆಗಿದೆ. ದಯವಿಟ್ಟು ಮೊದಲು ಕಾಗದ ಓದಿ, ಆಮೇಲೆ ಅದನ್ನು ಬಿಚ್ಚಿ.

ನಮ್ಮ ಆಟದಲ್ಲಿ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯುವುದು. ವಾರ ವಾರ ಬದಲಾಗುತ್ತದೆ, ಹಳೆಯದನ್ನು ರಬ್ಬರಿನಲ್ಲಿ ಅಳಿಸಿ ಹೊಸದನ್ನು ಬರೆಯಬೇಕು. ಗಾಯವಾದರೆ ಅಳಿಸು, ಗುಣವಾದರೆ ಅಳಿಸು, ಹಗ್ಗ ಕಳೆದುಹೋದರೆ ಅಳಿಸು. ಅವನ ಪಾತ್ರವನ್ನು ನಾವು ಆಡಿಸಿದ ಏಳು ತಿಂಗಳೂ ಅದನ್ನೇ ಮಾಡಿದೆವು, ವಾರಕ್ಕೊಬ್ಬರಂತೆ. ಅವನನ್ನು ಉಳಿಸಿಕೊಳ್ಳುತ್ತಿದ್ದೇವೆ ಎಂಬ ಸಂಭ್ರಮ ನಮಗೆ. ನಿಮ್ಮ ಮೊದಲ ಕಾಗದ ಬಂದ ದಿನ ಹಾಳೆಯನ್ನು ಕಿಟಕಿಯ ಹತ್ತಿರ ಹಿಡಿದು ಅವನ ಅಕ್ಷರ ಹುಡುಕಿದೆ. ಒಂದೂ ಇಲ್ಲ. ಮೇಲಿರುವ ‘ಬೀಗದವನು’ ಎಂಬ ಹೆಸರು ಕೂಡ ಡ್ರೈವರ್ ಬರೆದದ್ದು. ಚಹಾ ಚೆಲ್ಲಿ ಮಸುಕಾಗಿತ್ತು ಎಂದು ಚೆನ್ನಾಗಿ ಉಜ್ಜಿ ಬರೆದನಂತೆ.

ಇನ್ನು ನೀವು ಕೇಳಿದ ಸಾಲು. ಈ ಹಾಳೆಗಳನ್ನು ನಾನೇ ಅಚ್ಚು ಹಾಕಿಸಿದ್ದು. ಕೆಳಗೆ ಒಂದು ಪ್ರಶ್ನೆ ಇದೆ: ಮನೆಯಲ್ಲಿ ನಿನಗಾಗಿ ಕಾಯುತ್ತಿರುವವರು ಯಾರು? ಉತ್ತರ ಬರೆದು, ಆ ಅಂಚನ್ನು ಮಡಚಿ, ಕ್ಲಿಪ್ಪು ಹಾಕಬೇಕು. ಬರೆದವನನ್ನು ಬಿಟ್ಟು ಬೇರೆ ಯಾರೂ ನೋಡಕೂಡದು. ಪಾತ್ರ ಸಾಯುವ ಗಳಿಗೆ ಬಂದರೆ, ಮಡಿಕೆ ಬಿಚ್ಚಿ, ಆ ಸಾಲನ್ನು ಅಳಿಸಿ, ಇನ್ನೊಂದು ಸಲ ದಾಳ ಹಾಕಬಹುದು. ಈ ನಿಯಮ ನನ್ನದೇ. ಗಿರಾಕಿಗಳಿಗೆಲ್ಲ ಬಹಳ ಇಷ್ಟ, ಇದಕ್ಕೆಂದೇ ದೂರದಿಂದ ಆಡಲು ಬರುತ್ತಿದ್ದರು. ನಿಮ್ಮ ತಮ್ಮ ಆರು ವರ್ಷದಲ್ಲಿ ಒಮ್ಮೆಯೂ ಬಿಚ್ಚಲಿಲ್ಲ. ಎಂಥ ಇಕ್ಕಟ್ಟಿನಲ್ಲೂ, ‘ಅದು ಬೇಡ, ಹಾಗೇ ನೋಡೋಣ’ ಎನ್ನುತ್ತಿದ್ದ.

ನವೆಂಬರಿನಲ್ಲಿ ಕಥೆಯೊಳಗೆ ಬೀಗದವನು ಸಾಯುವ ಹಾಗಾಯಿತು. ದಂತವೈದ್ಯೆ ದಾಳ ಹಾಕಿದಳು, ಸೋತಳು, ಅಳತೊಡಗಿದಳು. ‘ಇನ್ನೊಂದ್ ಸಲ ಸಾಯಿಸಬೇಡಿ ಅವನ್ನ’ ಎಂದಳು. ಉಳಿದಿದ್ದು ಆ ಮಡಿಕೆಯೊಂದೇ. ‘ಅವನು ಬರೆದಿದ್ದನ್ನ ನಾವು ಓದಬಾರದು’ ಎಂದ ಬೋರ್ಡಿನವನು. ಎಲ್ಲರೂ ಹೌದೆಂದರು. ನಾನು ಕ್ಲಿಪ್ಪು ತೆಗೆದೆ. ಮಡಿಕೆ ಬಿಚ್ಚಿದೆ. ಓದಬಾರದೆಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಬೆರಳಲ್ಲೇ ಜಾಗ ಗುರುತಿಸಿ, ಅಳಿಸಿದೆ. ಗಟ್ಟಿಯಾಗಿಯೇ ಅಳಿಸಿದೆ, ಯಾರಿಗೂ ಕಾಣಬಾರದಲ್ಲ ಎಂದು. ದಾಳ ಹಾಕಿದೆವು. ಗೆದ್ದೆವು. ಬೀಗದವನು ಬದುಕಿದ. ನಾಲ್ವರೂ ಎದ್ದು ನಿಂತು ಚಪ್ಪಾಳೆ ಹೊಡೆದೆವು, ಅಂಗಡಿಯಲ್ಲಿದ್ದ ಗಿರಾಕಿಗಳೂ ಏನೆಂದು ತಿಳಿಯದೆ ಚಪ್ಪಾಳೆ ಹೊಡೆದರು.

ಅವನು ಏನು ಬರೆದಿದ್ದ ಎಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಅಳಿಸಿದವನಿಗೂ ಗೊತ್ತಿಲ್ಲ.

ಇನ್ನೊಂದು ಮಾತು ಮುಚ್ಚಿಡಲಾರೆ. ಬೋರ್ಡಿನವನು ಒಮ್ಮೆ ಕಂಡರೆ ಸಾಕು, ಯಾರ ಅಕ್ಷರವನ್ನಾದರೂ ನೆನಪಿನಿಂದಲೇ ಹಾಗೇ ಬರೆಯಬಲ್ಲ. ನನ್ನ ಸಂಕಟ ನೋಡಿ, ಹೊಸ ಹಾಳೆಯಲ್ಲಿ ಅವನ ಅಕ್ಷರದಲ್ಲೇ ಎಲ್ಲವನ್ನೂ ಬರೆದು ತಂದುಕೊಟ್ಟ. ನೋಡಿದರೆ ಅವನದೇ ಅನ್ನಬೇಕು. ಕೊನೆಯ ಸಾಲು ಮಾತ್ರ ಖಾಲಿ ಬಿಟ್ಟಿದ್ದ. ‘ಇಲ್ಲಿ ಏನಂತ ಬರೀಲಿ?’ ಎಂದು ಕೇಳಿದ. ‘ಅಕ್ಕ’ ಎಂದು ಬರಿ ಎನ್ನಲು ಬಾಯಿ ತೆರೆದೆ. ಹೊರಡಲಿಲ್ಲ. ಆ ಹಾಳೆಯನ್ನು ಹರಿದುಹಾಕಿದೆ.

ನಿಮ್ಮ ಮುಂದೆ ನಿಲ್ಲುವ ಮುಖ ನನಗಿಲ್ಲ.

ಅಂಗಡಿಯವನು

ಮೇ ೧೦

ಅಂಗಡಿಯವರಿಗೆ,

ಓದಿದೆ.

ನೀವು ಸುಳ್ಳು ಹೇಳಬೇಕಿತ್ತು. ಬಾಯಿ ತೆರೆದಿರಂತೆ, ಹೊರಡಲಿಲ್ಲವಂತೆ. ಎರಡಕ್ಷರ, ಅಂಗಡಿಯವರೇ! ಅದನ್ನು ಹೇಳಿದ್ದರೆ ಬೋರ್ಡಿನವರು ಬರೆದುಕೊಡುತ್ತಿದ್ದರು, ನಾನು ಎದೆಗೆ ಒತ್ತಿಕೊಂಡು ಅತ್ತು, ಸಾಯುವತನಕ ಜೋಪಾನ ಮಾಡಿಕೊಳ್ಳುತ್ತಿದ್ದೆ. ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ನಿಜ ಹೇಳಿದಿರಿ. ಈಗ ಯಾವ ಹಾಳೆ ಬಂದರೂ ನನಗೆ ಉಪಯೋಗವಿಲ್ಲ.

ಓದಬಾರದೆಂದು ಮುಖ ತಿರುಗಿಸಿದಿರಲ್ಲ. ಒಂದು ಸಲ, ಒಂದೇ ಒಂದು ಸಲ ಕಳ್ಳನೋಟ ನೋಡಬಾರದಿತ್ತೇ? ನಿಮ್ಮಷ್ಟು ಮರ್ಯಾದಸ್ಥರನ್ನು ನಾನು ನೋಡಿಲ್ಲ.

ಇನ್ನು ಬರೆಯಬೇಡಿ.

ಜುಲೈ ೧೮

ಅಕ್ಕಾವರಿಗೆ,

ಬರೆಯಬೇಡಿ ಎಂದಿದ್ದೀರಿ. ನಾಳೆಗೆ ಅವನು ಹೋಗಿ ಒಂದು ವರ್ಷ. ಅದಕ್ಕೇ ಬರೆಯುತ್ತಿದ್ದೇನೆ, ಇದೊಂದು ಸಲ.

ಶನಿವಾರದ ಆಟ ನಿಂತಿದೆ. ನಿಮ್ಮ ಕಾಗದ ಓದಿ ತೋರಿಸಿದ ಮೇಲೆ ದಂತವೈದ್ಯೆ ಬರಲಿಲ್ಲ, ಅವಳ ಹಿಂದೆ ಡ್ರೈವರೂ ಬರಲಿಲ್ಲ. ಬೋರ್ಡಿನವನು ಬರುತ್ತಾನೆ, ಸುಮ್ಮನೆ ಕೂತು ಹೋಗುತ್ತಾನೆ. ಹಾಳೆಗಳ ಕೊನೆಯಲ್ಲಿದ್ದ ಆ ಪ್ರಶ್ನೆಯನ್ನು ತೆಗೆಸಿ ಹೊಸದಾಗಿ ಅಚ್ಚು ಹಾಕಿಸಿದೆ. ಹಳೆಯ ಗಿರಾಕಿಯೊಬ್ಬ, ‘ಅದೊಂದಿತ್ತಲ್ಲ, ಚೆನ್ನಾಗಿತ್ತು, ಯಾಕ್ ತೆಗೆದ್ರಿ?’ ಎಂದು ಜಗಳವಾಡಿ ಹೋದ.

ಒಂದು ಕೇಳಬೇಕೆಂದಿದ್ದೆ. ನಿಮಗೆ ಬೇಡ, ಸರಿ. ನಿಮ್ಮ ತಾಯಿಯವರಿಗಾಗಿಯಾದರೂ ಬೋರ್ಡಿನವನ ಕೈಲಿ ಬರೆಸಲೇ? ಏನು ಬರೆಯಬೇಕೆಂದು ನೀವು ಹೇಳಿ. ಈ ಸಲ ಮಾತಾಡದೆ ಬರೆಸುತ್ತೇನೆ.

ಇತಿ ನಿಮ್ಮ,
ಅಂಗಡಿಯವನು

ಆಗಸ್ಟ್ ೬

ಅಂಗಡಿಯವರಿಗೆ,

ಬೋರ್ಡಿನವರಿಗೆ ಹೇಳಿ, ತೊಂದರೆ ತೆಗೆದುಕೊಳ್ಳುವುದು ಬೇಡ. ಅಮ್ಮನಿಗೆ ಕಣ್ಣೇ ಕಾಣುವುದಿಲ್ಲ, ಅವಳಿಗೆ ಯಾರ ಅಕ್ಷರವಾದರೇನು?

ಹಾಳೆ ಬಂದದ್ದು ಅವಳಿಗೆ ಗೊತ್ತಿತ್ತು. ಬಂದಿದೆ, ಆಮೇಲೆ ಓದುತ್ತೇನೆ ಎಂದು ಮೂರು ತಿಂಗಳು ತಳ್ಳಿದೆ. ಮೊನ್ನೆ ಭಾನುವಾರ ಅವಳಿಗೆ ಊಟ ಬಡಿಸಿ, ಕೈ ತೊಳೆಸಿ ಕೂರಿಸಿದೆ. ‘ಇವತ್ತು ಓದೇ’ ಎಂದಳು. ಅವಳು ಹಾಗೆ ಹೇಳಿದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಾಳೆ ತಂದೆ. ಅವಳು ಅದರ ಮೇಲೆ ಬೆರಳಾಡಿಸಿದಳು. ನಿಮ್ಮ ನಾಲ್ವರ ಪೆನ್ಸಿಲ್ ಗೆರೆಗಳ ಮೇಲೆ ಆಡಿಸಿದಳು, ‘ಎಷ್ಟು ಒತ್ತಿ ಬರೀತಾನೆ ನೋಡು, ಚಿಕ್ಕೋನಿದ್ದಾಗ್ಲೂ ಹಿಂಗೇ’ ಎಂದಳು.

ನಾನು ಹಾಳೆಯನ್ನು ಅವಳ ಮಡಿಲಲ್ಲಿ ನೆಟ್ಟಗೆ ಮಾಡಿದೆ.

‘ಕೊನೇದು ಓದು. ಅದೇನೋ ಪ್ರಶ್ನೆ ಇದೆ ಅಂದಿದ್ಯಲ್ಲ.’

‘ಮನೇಲಿ ನಿನಗೋಸ್ಕರ ಕಾಯ್ತಿರೋರು ಯಾರು ಅಂತ ಕೇಳಿದಾರಮ್ಮ.’

‘ಅದಕ್ಕೆ?’

‘ಅಮ್ಮ ಅಂತ ಬರೆದಿದ್ದಾನೆ.’

‘ಅಷ್ಟೇನಾ?’

‘ಅಷ್ಟೇ.’

ಅವಳು ಆ ಸಾಲು ಎಲ್ಲಿದೆ ಎಂದು ಕೇಳಿ, ನನ್ನ ಕೈಯಿಂದ ಬೆರಳನ್ನು ಅಲ್ಲಿ ಇಡಿಸಿಕೊಂಡಳು. ನೀವು ಗಟ್ಟಿಯಾಗಿ ಉಜ್ಜಿದ ಜಾಗ, ಕಾಗದ ನವೆದು ಹೋಗಿದೆ. ಅವಳಿಗೆ ಅದೂ ಬರಹವೆಂದೇ ಅನ್ನಿಸಿರಬೇಕು. ಆಮೇಲೆ ಮೆಲ್ಲಗೆ, ‘ನಿನ್ನ ಬರೀಲಿಲ್ವಾ?’ ಎಂದಳು.

‘ಇಲ್ಲಮ್ಮ.’

‘ಜಾಗ ಸಾಲದೆ ಬಂದಿರುತ್ತೆ. ಮನಸ್ಸಿಗೆ ಹಚ್ಕೋಬೇಡ ಕಣೇ.’

‘ಜಾಗ ಚಿಕ್ಕದಮ್ಮ’ ಎಂದೆ.

ಇಬ್ಬರನ್ನೂ ಬರೆದಿದ್ದಾನೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನನ್ನು ನಾನೇ ಸೇರಿಸಿಕೊಂಡಿದ್ದರೆ ಅವಳ ಪಾಲಿನದೂ ನನಗೆ ಸುಳ್ಳಾಗಿ ಕೇಳಿಸುತ್ತಿತ್ತು. ನೀವು ಬಾಯಿ ತೆರೆದು ಮುಚ್ಚಿದ್ದು ಯಾಕೆ ಎಂದು ಈಗ ಸ್ವಲ್ಪ ಗೊತ್ತಾಗಿದೆ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ, ಗೊತ್ತಾಗಿದೆ ಅಷ್ಟೇ.

ಈಗ ಅವಳು ದಿನಕ್ಕೆ ಎರಡು ಸಲ ಹಾಳೆ ತೆಗೆಸಿಕೊಂಡು ಮುಟ್ಟಿ ನೋಡುತ್ತಾಳೆ. ಪಕ್ಕದ ಮನೆಯಾಕೆಗೂ ಹೇಳಿದ್ದಾಳೆ. ನನ್ನ ಹತ್ತಿರ ಮಾತಾಡುವಾಗ ಒಂದು ಹೊಸ ಮೆತ್ತನೆಯ ದನಿ ಬಂದಿದೆ, ತಮ್ಮ ಮರೆತುಬಿಟ್ಟವಳ ಹತ್ತಿರ ಮಾತಾಡುವ ದನಿ. ಅದನ್ನು ಸಹಿಸುವುದೇ ಕಷ್ಟ.

ನಿಮ್ಮ ಅಂಗಡಿಗೆ ಒಮ್ಮೆ ಬರಬೇಕೆಂದು ಹಟ ಹಿಡಿದಿದ್ದಾಳೆ. ಬರುವ ಶನಿವಾರ ಸಂಜೆ ಕರೆದುಕೊಂಡು ಬರುತ್ತೇನೆ. ದಂತವೈದ್ಯೆಯನ್ನೂ ಡ್ರೈವರನ್ನೂ ಹೇಗಾದರೂ ಮಾಡಿ ಕರೆಸಿ. ಅವಳು ನಿಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿಯೇ ಕೇಳುತ್ತಾಳೆ. ಅಮ್ಮ ಎಂದೇ ಬರೆದಿದ್ದ ಎಂದು ಹೇಳಿ. ನಾಲ್ವರದೂ ಒಂದೇ ಮಾತಿರಲಿ, ತಡವರಿಸಬೇಡಿ. ಆ ಹೊತ್ತಿನಲ್ಲಿ ಯಾರೂ ನನ್ನ ಮುಖ ಮಾತ್ರ ನೋಡಬೇಡಿ.

ಇತಿ,
ಅವನ ಅಕ್ಕ